ಸೆಷನ್‌ಗೆ ಎಷ್ಟು ಅಂತ ಮಾತ್ರ ಕೇಳಿದ್ದೆ

ಬೇರೆಯವರ ಲೆಕ್ಕ ಬರೆದು ಹೊಟ್ಟೆ ಹೊರೆಯುವ ಕೆಲಸ ನನ್ನದು. ಯಾವ ಬಿಲ್ಲಿನಲ್ಲಿ ಏನು ಅಡಗಿದೆ ಎಂದು ದೂರದಿಂದಲೇ ಮೂಸಿ ಹೇಳಬಲ್ಲೆ ಎಂಬ ಜಂಬವೂ ಇತ್ತು. ನನ್ನದೇ ಥೆರಪಿಯ, ಅಂದರೆ ಮಾತಿನ ಮೂಲಕ ಮನಸ್ಸಿಗೆ ಪಡೆದ ಚಿಕಿತ್ಸೆಯ ಖರ್ಚನ್ನು ಒಂದು ದಿನ ಕೂತು ಕೂಡಿಸಿದಾಗ ಆ ಜಂಬ ಇಳಿಯಿತು.

ರಾತ್ರಿ ಎರಡು ಗಂಟೆಗೆ ಎದೆ ಡವಡವ ಹೊಡೆದುಕೊಂಡು ಎಚ್ಚರವಾಗುತ್ತಿತ್ತು. ಸತ್ತೇ ಹೋಗುತ್ತೇನೆ ಅನ್ನಿಸುವಷ್ಟು ಭಯ. ಹೃದಯದ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದವು. "ಇದು ಆತಂಕದ ತೊಂದರೆ, ಥೆರಪಿಸ್ಟ್ ಒಬ್ಬರನ್ನು ನೋಡಿ" ಎಂದರು ವೈದ್ಯರು. ಅದೇ ವಾರ, ಅದೇ ಎರಡು ಗಂಟೆಯ ಹೊತ್ತಿನಲ್ಲಿ, ಬೆವರಿದ ಕೈಯಲ್ಲಿ ಫೋನ್ ಹಿಡಿದು ಆನ್‌ಲೈನ್ ಥೆರಪಿ ಕೊಡುವ ಒಂದು ಆ್ಯಪ್‌ಗೆ ಚಂದಾದಾರನಾದೆ. ಒಪ್ಪಂದದ ಷರತ್ತು ಓದುವುದಕ್ಕೆ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ.

ಮುಂದೆ ಬರುವ ಲೆಕ್ಕದಲ್ಲಿ ಯಾವ ದೇಶದ ದುಡ್ಡನ್ನೂ ಹೇಳುವುದಿಲ್ಲ. ಕೊನೆಗೆ ನನಗೆ ಕೂಡಿಬಂದ ಥೆರಪಿಸ್ಟ್ 50 ನಿಮಿಷದ ಒಂದು ಸೆಷನ್‌ಗೆ ತೆಗೆದುಕೊಳ್ಳುತ್ತಿದ್ದ ಫೀಸನ್ನು 100 ಎಂದಿಟ್ಟುಕೊಳ್ಳಿ. ಉಳಿದದ್ದೆಲ್ಲ ಅದರ ಪಕ್ಕದಲ್ಲಿಟ್ಟು ನೋಡಿದ ಲೆಕ್ಕ.

ಆ್ಯಪ್ ತೋರಿಸಿದ್ದು ವಾರದ ದರ: 65. ಅಗ್ಗ ಅನ್ನಿಸಿತು. ಆದರೆ ಬಿಲ್ ಬರುತ್ತಿದ್ದದ್ದು ನಾಲ್ಕು ವಾರಕ್ಕೊಮ್ಮೆ, ಒಟ್ಟಿಗೆ 260. ನಾಲ್ಕು ವಾರ ಎಂದರೆ ಒಂದು ತಿಂಗಳಲ್ಲ. ವರ್ಷಕ್ಕೆ 52 ವಾರ, ಅಂದರೆ 13 ಬಿಲ್ಲು. ಹನ್ನೆರಡು ಎಂದುಕೊಂಡವರಿಗೆ ಒಂದು ಬಿಲ್ಲು ಹೆಚ್ಚಿಗೆ. ಲೆಕ್ಕ ಬರೆಯುವ ನನಗೇ ಇದು ಹೊಳೆದದ್ದು ಮೂರನೇ ಬಿಲ್ಲಿಗೆ. ವಿಡಿಯೊ ಸೆಷನ್ ಇದ್ದದ್ದು 30 ನಿಮಿಷ ಎಂಬುದು ಇನ್ನೊಂದು ಪೆಟ್ಟು. ನಿಮಿಷದ ಲೆಕ್ಕಕ್ಕೆ ಇಳಿಸಿದರೆ ಆ್ಯಪ್‌ನದು 2.17, ಆಮೇಲಿನ ಥೆರಪಿಸ್ಟ್‌ರದು ಬರೋಬ್ಬರಿ 2. ಅಗ್ಗ ಎಂದು ಹಿಡಿದದ್ದೇ ತುಟ್ಟಿಯದಾಗಿತ್ತು.

ಯಾವುದೋ ವಾರ ಸೆಷನ್ ತಪ್ಪಿದರೆ ಅದು ಮುಂದಿನ ವಾರಕ್ಕೆ ಹೋಗುವುದಿಲ್ಲ, ಅಲ್ಲಿಗೇ ಮುಗಿಯಿತು. ಬಿಡಬೇಕು ಎಂದು ನಿರ್ಧರಿಸಿ ಆ್ಯಪನ್ನು ಫೋನಿನಿಂದ ಅಳಿಸಿದೆ. ಅಳಿಸಿದರೆ ಚಂದಾ ನಿಲ್ಲುವುದಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಇನ್ನೆರಡು ಬಿಲ್ ಕಡಿತವಾಗಿದ್ದವು. ಒಟ್ಟು ಐದು ಬಿಲ್, 1300. ನಾನು ನಿಜವಾಗಿ ಕೂತದ್ದು 9 ಸೆಷನ್. ಭಾಗಿಸಿದರೆ ಒಂದಕ್ಕೆ 144.

ಅನ್ಯಾಯದ ಮಾತು ಬೇಡ, ಅದರಲ್ಲಿ ಮೆಸೇಜ್ ಬರೆದು ಕಳಿಸುವ ಸೌಲಭ್ಯವೂ ಸೇರಿತ್ತು. ಮಾತಿಗಿಂತ ಬರಹದಲ್ಲಿ ಮನಸ್ಸು ಬಿಚ್ಚುವವರಿಗೆ ಅದೇ ದೊಡ್ಡದು. ನಾನು ಬರೆಯುತ್ತಿದ್ದದ್ದು ವಾರಕ್ಕೆ ಎರಡು ಸಾಲು, ಹಾಗಾಗಿ ಬಳಸದ ಸೌಲಭ್ಯಕ್ಕೂ ದುಡ್ಡು ತೆತ್ತಂತಾಯಿತು.

ಆಮೇಲೆ ಕಣ್ಣಿಗೆ ಬಿದ್ದದ್ದು ಆಫೀಸಿನ ಇಎಪಿ, ಅಂದರೆ ಸಿಬ್ಬಂದಿಗಾಗಿ ಕಂಪನಿಯೇ ದುಡ್ಡು ಕೊಟ್ಟು ಇಟ್ಟಿರುವ ಕೌನ್ಸೆಲಿಂಗ್ ಸೇವೆ. 6 ಸೆಷನ್ ಉಚಿತ. ಅದರ ಸುತ್ತೋಲೆ ಎರಡು ವರ್ಷದಿಂದ ನನ್ನ ಇಮೇಲ್‌ನಲ್ಲಿ ತೆರೆಯದೆ ಬಿದ್ದಿತ್ತು. ಎಚ್‌ಆರ್‌ಗೆ ಗೊತ್ತಾಗಿಬಿಟ್ಟರೆ ಎಂಬ ಅಳುಕು ಬೇರೆ. ಕೊನೆಗೆ ಗೋಪ್ಯತೆಯ ಷರತ್ತನ್ನು ತರಿಸಿಕೊಂಡು ಓದಿದೆ. ಒಟ್ಟು ಎಷ್ಟು ಜನ ಬಳಸಿದರು ಎಂಬ ಸಂಖ್ಯೆ ಮಾತ್ರ ಕಂಪನಿಗೆ ಹೋಗುತ್ತದೆ, ಹೆಸರು ಹೋಗುವುದಿಲ್ಲ ಎಂದಿತ್ತು. ಆ ಆರು ಸೆಷನ್‌ಗಳಿಂದ ಉಪಯೋಗ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಐದನೆಯದರಲ್ಲಿ ನನ್ನ ಅಸಲಿ ಮಾತು ಹೊರಬಿತ್ತು, ಆರನೆಯದರಲ್ಲಿ ವಿದಾಯ. ಅದೇ ಥೆರಪಿಸ್ಟ್ ಬಳಿ ಕೈಯಿಂದ ಕೊಟ್ಟು ಮುಂದುವರಿಯಲು ಆ ಸೇವೆಯ ನಿಯಮ ಬಿಡಲಿಲ್ಲ. ಮೊದಲ ದಿನವೇ ಕೇಳಬೇಕಿತ್ತು, "ಆರು ಮುಗಿದ ಮೇಲೆ ನಿಮ್ಮ ಹತ್ತಿರವೇ ಬರಬಹುದಾ?" ಎಂದು. ಕೇಳಿದ್ದರೆ ಹೇಳುವುದನ್ನೆಲ್ಲ ಎರಡನೇ ಸೆಷನ್‌ನಲ್ಲೇ ಹೇಳುತ್ತಿದ್ದೆನೇನೋ.

ಮೂರನೆಯ ಸಲ ಸ್ವತಂತ್ರವಾಗಿ ಆನ್‌ಲೈನ್‌ನಲ್ಲಿ ಥೆರಪಿ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಹಿಡಿದೆ. ಈ ಸಲ ಬುಕ್ ಮಾಡುವ ಮುಂಚೆಯೇ ಒಂದು ಉದ್ದ ಮೆಸೇಜ್ ಹಾಕಿದೆ. ಸೆಷನ್ ಎಷ್ಟು ನಿಮಿಷ, ಮೊದಲನೆಯದಕ್ಕೆ ಬೇರೆ ದರವೇ, ರದ್ದು ಮಾಡುವುದಾದರೆ ಎಷ್ಟು ಗಂಟೆ ಮುಂಚೆ ಹೇಳಬೇಕು, ರಸೀದಿಯಲ್ಲಿ ನಿಮ್ಮ ನೋಂದಣಿ ಸಂಖ್ಯೆ ಇರುತ್ತದೆಯೇ, ಮತ್ತು ನನ್ನಂಥ ತೊಂದರೆಗೆ ಸುಮಾರು ಎಷ್ಟು ಸೆಷನ್ ಬೇಕಾಗಬಹುದು. ಕೊನೆಯ ಪ್ರಶ್ನೆ ಕೇಳುವಾಗ ಸಂಕೋಚವಾಗಿತ್ತು, ಮನಸ್ಸಿನ ನೋವಿಗೆ ಕೊಟೇಶನ್ ಕೇಳಿದಂತೆ. ಅವರು ಬೇಸರಪಡಲಿಲ್ಲ. ಯೋಚನೆ ಮತ್ತು ನಡವಳಿಕೆಯ ಜಾಡನ್ನು ತಿದ್ದುವ ಸಿಬಿಟಿ ಎಂಬ ವಿಧಾನ ಸಾಮಾನ್ಯವಾಗಿ 6ರಿಂದ 20 ಸೆಷನ್‌ಗಳಲ್ಲಿ ಮುಗಿಯುತ್ತದೆ ಎಂದರು. ಮನಶ್ಶಾಸ್ತ್ರಜ್ಞ ಕೆನೆತ್ ಹೊವಾರ್ಡ್ ಮತ್ತು ಸಂಗಡಿಗರ 1986ರ ಅಧ್ಯಯನವನ್ನೂ ಹೇಳಿದರು: ಥೆರಪಿಗೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 8 ಸೆಷನ್ನಿನ ಹೊತ್ತಿಗೆ, ಮುಕ್ಕಾಲು ಭಾಗದವರಿಗೆ 26ರ ಹೊತ್ತಿಗೆ ಅಳೆಯಬಹುದಾದಷ್ಟು ಸುಧಾರಣೆ ಕಂಡಿತ್ತು. "ಎಂಟು ಸೆಷನ್‌ಗೆ ದುಡ್ಡು ಎತ್ತಿಟ್ಟುಕೊಳ್ಳಿ, ಆಮೇಲೆ ಕೂತು ನೋಡೋಣ" ಎಂದರು.

ಈ ಒಂದು ಮಾತು ನನ್ನ ಲೆಕ್ಕವನ್ನೇ ಬದಲಿಸಿತು. ಅಲ್ಲಿಯವರೆಗೆ ತಲೆಯಲ್ಲಿ ಓಡುತ್ತಿದ್ದದ್ದು ವಾರಕ್ಕೆ 100, ವರ್ಷಕ್ಕೆ 5200, ಅದೂ ಎಷ್ಟು ವರ್ಷವೋ ಎಂಬ ದಿಗಿಲು. ಎಂಟು ಸೆಷನ್‌ಗೆ ಎಂದರೆ ಅಳತೆಗೆ ಸಿಗುವ ಮೊತ್ತ.

ಒಂದು ನೋಟ್‌ಪುಸ್ತಕದಲ್ಲಿ ಎರಡು ಕಾಲಂ ಎಳೆದೆ. ಎಡಕ್ಕೆ ಕೊಟ್ಟ ದುಡ್ಡು, ಬಲಕ್ಕೆ ಜಿಎಡಿ-7 ಅಂಕ. ಆತಂಕ ಅಳೆಯುವ ಏಳು ಪ್ರಶ್ನೆಗಳ ಪಟ್ಟಿ ಅದು, 2006ರಿಂದ ಬಳಕೆಯಲ್ಲಿದೆ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. 0ಯಿಂದ 21ರವರೆಗೆ ಅಂಕ. 10 ಮುಟ್ಟಿದರೆ ಗಮನ ಕೊಡಬೇಕಾದ ಮಟ್ಟ, 15 ಮುಟ್ಟಿದರೆ ತೀವ್ರ. ಖಿನ್ನತೆಗೆ ಇದೇ ಥರದ ಪಿಎಚ್‌ಕ್ಯೂ-9 ಇದೆ. ಮೊದಲ ದಿನ ನನ್ನ ಅಂಕ 16. ಎಂಟನೇ ಸೆಷನ್‌ಗೆ 11. ದುಡ್ಡು ದಂಡವಾಗುತ್ತಿದೆಯೋ ಇಲ್ಲವೋ ಎಂದು ಅಂದಾಜಿನಲ್ಲಿ ಕೊರಗುವುದು ಅಲ್ಲಿಗೆ ತಪ್ಪಿತು. ಅಂಕ ಅಲುಗಾಡದೆ ಇದ್ದಿದ್ದರೆ ವಿಧಾನವನ್ನೋ ಥೆರಪಿಸ್ಟನ್ನೋ ಬದಲಿಸುವ ಮಾತನ್ನು ನಾನೇ ಎತ್ತುತ್ತಿದ್ದೆ. ಇದೇ ಕಾರಣಕ್ಕೆ, ಹತ್ತು ಸೆಷನ್‌ಗೆ ಮುಂಗಡ ಕಟ್ಟಿದರೆ ರಿಯಾಯಿತಿ ಎಂಬ ಪ್ಯಾಕೇಜುಗಳ ತಂಟೆಗೆ ಮೂರು ಸೆಷನ್ ಆಗುವವರೆಗೆ ಹೋಗಬೇಡಿ ಎನ್ನುತ್ತೇನೆ. ಜೊತೆ ಕೂಡಿಬರುತ್ತದೋ ಇಲ್ಲವೋ ಎಂದು ತಿಳಿಯುವ ಮೊದಲೇ ಹತ್ತು ಗಂಟು ಹಾಕಿಕೊಂಡಂತೆ ಅದು.

ನಾಲ್ಕನೇ ವಾರ ಒಂದು ಸೆಷನ್ ಮರೆತೆ. ಪೂರ್ತಿ 100 ಹೋಯಿತು. 24 ಗಂಟೆ ಮುಂಚೆ ಹೇಳಬೇಕೆಂಬ ನಿಯಮ ಗೊತ್ತಿದ್ದೂ ಸಿಟ್ಟು ಬಂತು. ಮುಂದಿನ ವಾರ ಅದನ್ನೇ ಆಡಿದೆ. ಈ ಪದ್ಧತಿಗೆ ನೂರು ವರ್ಷದ ಮೇಲಾಗಿದೆ ಎಂದು ನಕ್ಕರು. ಆಮೇಲೆ ಹುಡುಕಿ ಓದಿದೆ. 1913ರ ಒಂದು ಲೇಖನದಲ್ಲಿ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಸ್ಪಷ್ಟವಾಗಿ ಬರೆದಿದ್ದಾನೆ: ದಿನದ ಒಂದು ಗಂಟೆಯನ್ನು ರೋಗಿಗೆ ಬರೆದುಕೊಟ್ಟ ಮೇಲೆ ಅದು ಅವನದು, ಬಂದರೂ ಬಾರದಿದ್ದರೂ ಫೀಸು ಅವನ ಹೊಣೆ. ದುಡ್ಡಿನ ವಿಷಯವನ್ನು ಜನ ಲೈಂಗಿಕ ವಿಷಯದಷ್ಟೇ ಮುಚ್ಚುಮರೆಯಿಂದ ಕಾಣುತ್ತಾರೆ, ಆದ್ದರಿಂದ ವೈದ್ಯನೇ ನೇರವಾಗಿ ಮಾತಾಡಬೇಕು ಎಂದೂ ಅದರಲ್ಲಿದೆ. ಅದೇ ಫ್ರಾಯ್ಡ್ 1918ರಲ್ಲಿ ಬುಡಾಪೆಸ್ಟ್‌ನಲ್ಲಿ ಮಾತನಾಡುತ್ತ ಬಡವರಿಗೂ ಉಚಿತವಾಗಿ ಮನಸ್ಸಿನ ಚಿಕಿತ್ಸೆ ಸಿಗಬೇಕೆಂದ. 1920ರಲ್ಲಿ ಬರ್ಲಿನ್‌ನಲ್ಲಿ ಅವನ ಅನುಯಾಯಿಗಳು ಅಂಥದ್ದೊಂದು ಕ್ಲಿನಿಕ್ಕನ್ನು ತೆರೆದೇಬಿಟ್ಟರು. ಹೊಸ ವಿಶ್ಲೇಷಕರ ತರಬೇತಿಯೂ ಅಲ್ಲೇ ನಡೆಯುತ್ತಿತ್ತು. ಇವತ್ತು ವಿಶ್ವವಿದ್ಯಾಲಯಗಳ ತರಬೇತಿ ಕ್ಲಿನಿಕ್ಕುಗಳಲ್ಲಿ ಮೇಲ್ವಿಚಾರಕರ ಕಣ್ಣಳತೆಯಲ್ಲಿ ವಿದ್ಯಾರ್ಥಿಗಳು ಕಡಿಮೆ ಫೀಸಿಗೆ ಥೆರಪಿ ಕೊಡುತ್ತಾರಲ್ಲ, ಆ ದಾರಿ ಅಷ್ಟು ಹಳೆಯದು. ವಿದ್ಯಾರ್ಥಿ ಎಂದು ಮೂಗು ಮುರಿಯಬೇಡಿ. ಆ ಕೇಸಿನ ಮೇಲೆ ಎರಡು ತಲೆ ಕೆಲಸ ಮಾಡುತ್ತಿರುತ್ತವೆ.

ಎಂಟು ಮುಗಿದಾಗ ನನ್ನ ಉಳಿತಾಯವೂ ಮುಗಿಯುತ್ತ ಬಂದಿತ್ತು. ಏನೂ ಹೇಳದೆ ನಿಲ್ಲಿಸಿಬಿಡೋಣ ಎಂದುಕೊಂಡಿದ್ದೆ. ಹಾಗೆ ಸದ್ದಿಲ್ಲದೆ ಮಾಯವಾಗುವವರು ಬಹಳ ಜನ ಇರಬೇಕು. ಕರೆಯ ಕೊನೆಯ ಐದು ನಿಮಿಷದಲ್ಲಿ ಹೇಗೋ ಬಾಯಿಬಿಟ್ಟೆ.

"ಮೇಡಂ, ಪ್ರತಿ ವಾರ ಇಷ್ಟು ಕೊಡೋಕೆ ಇನ್ನು ಆಗಲ್ಲ."

"ಹೇಳಿದ್ದು ಒಳ್ಳೇದಾಯ್ತು. ಎಷ್ಟಾದ್ರೆ ಆಗುತ್ತೆ?"

ಈ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಚೌಕಾಸಿ ಮಾಡಿದಂತಾಗುತ್ತದೆ ಎಂದು ತಡವರಿಸಿದೆ. ಅವರೇ ಬಿಡಿಸಿ ಹೇಳಿದರು: ತಮ್ಮ ವಾರದ ವೇಳೆಯಲ್ಲಿ ಕೆಲವು ಜಾಗಗಳನ್ನು ಆದಾಯಕ್ಕೆ ತಕ್ಕ ಫೀಸಿಗೆಂದು ಮೀಸಲಿಟ್ಟಿರುತ್ತಾರಂತೆ. ಸ್ಲೈಡಿಂಗ್ ಸ್ಕೇಲ್ ಎನ್ನುವುದು ಇದನ್ನೇ. ಅನೇಕ ಥೆರಪಿಸ್ಟ್‌ಗಳಲ್ಲಿ ಈ ವ್ಯವಸ್ಥೆ ಇದೆ, ಕೇಳದವರಿಗೆ ಸಿಗುವುದಿಲ್ಲ ಅಷ್ಟೆ. ನನಗೆ 70ಕ್ಕೆ ಇಳಿಯಿತು, ಎರಡು ವಾರಕ್ಕೊಮ್ಮೆ ಎಂದಾಯಿತು. ನಡುವಿನ ವಾರ ಮನೆಗೆಲಸ ಕೊಡುತ್ತಿದ್ದರು, ಅದನ್ನು ನಿಷ್ಠೆಯಿಂದ ಮಾಡಿದೆ. ದುಡ್ಡು ಕಡಿಮೆ ಕೊಡುತ್ತಿದ್ದೇನೆಂಬ ಮುಜುಗರ ನಾಲ್ಕಾರು ವಾರ ಇತ್ತು. ಅದೂ ಒಂದು ಸೆಷನ್ನಿನ ವಿಷಯವಾಯಿತು!

ವಿಮೆಯ ಕಥೆ ಬೇರೆ. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ, ದೇಹದ ಕಾಯಿಲೆಗೆ ಕೊಡುವ ರೀತಿಯಲ್ಲೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎನ್ನುತ್ತದೆ. ಅಮೆರಿಕದಲ್ಲೂ 2008ರಿಂದ ಸಮಾನತೆಯ ಕಾಯ್ದೆಯಿದೆ. ಕೇಳಲು ಚೆಂದ. ಆದರೆ ಪಾಲಿಸಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುವಂಥದ್ದಾದರೆ, ಕೆಮ್ಮಿಗೆ ಡಾಕ್ಟರರನ್ನು ಕಂಡ ಖರ್ಚೂ ಸಿಗದು, ಥೆರಪಿಯದೂ ಸಿಗದು. ಇಬ್ಬರಿಗೂ ಸಮಾನವಾಗಿ ಸೊನ್ನೆ. ಆದ್ದರಿಂದ ಪಾಲಿಸಿಯಲ್ಲಿ ಹುಡುಕಬೇಕಾದ ಪದ ಹೊರರೋಗಿ ಚಿಕಿತ್ಸೆ, ಆಮೇಲೆ ಆನ್‌ಲೈನ್ ಸಮಾಲೋಚನೆ. ನನ್ನದರಲ್ಲಿ ಎರಡೂ ಇದ್ದವು. ಆದರೂ ಮೊದಲ ಕ್ಲೇಮ್ ವಾಪಸ್ ಬಂತು. ವೈದ್ಯರ ಶಿಫಾರಸು ಪತ್ರ ಲಗತ್ತಿಸಿರಲಿಲ್ಲ, ರಸೀದಿಯಲ್ಲಿ ರೋಗನಿರ್ಣಯ ಇರಲಿಲ್ಲ. ಎರಡನ್ನೂ ಸೇರಿಸಿ ಮತ್ತೆ ಹಾಕಿದಾಗ 420 ಬಂತು. ರೋಗನಿರ್ಣಯ ಬರೆಯುವ ಮುಂಚೆ ಥೆರಪಿಸ್ಟ್ ನನ್ನನ್ನು ಕೇಳಿದ್ದರು: ಇದು ವಿಮಾ ಕಂಪನಿಯ ದಾಖಲೆಯಲ್ಲಿ ಉಳಿಯುತ್ತದೆ, ಒಪ್ಪಿಗೆಯೇ? ಒಂದು ರಾತ್ರಿ ಯೋಚಿಸಿ ಹೂಂ ಅಂದೆ. ಬೇಡ ಎಂದು ಪೂರ್ತಿ ಕೈಯಿಂದ ಕೊಟ್ಟ ಸ್ನೇಹಿತರೂ ಇದ್ದಾರೆ, ಅವರದೂ ಸರಿಯೇ.

ಸರ್ಕಾರ ಖರ್ಚು ಹೊರುವ ದಾರಿಗಳು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ವೈದ್ಯರ ಚೀಟಿ ಇಲ್ಲದೆಯೂ ಹೆಸರು ಕೊಡಬಹುದು, ಉಚಿತ, ಆದರೆ ಸರದಿ ಕಾಯಬೇಕು. ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ವೈದ್ಯರು ಬರೆದುಕೊಟ್ಟ ಚಿಕಿತ್ಸಾ ಯೋಜನೆಯ ಮೇಲೆ ವರ್ಷಕ್ಕೆ 10 ಸೆಷನ್‌ವರೆಗೆ ಫೀಸಿನ ಒಂದು ಭಾಗ ಮರಳಿಸುತ್ತದೆ. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಕರೆ ಮಾಡಬಹುದು. ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಿದ್ದರೆ ದರ ಹೋಲಿಸುತ್ತ ಕೂರಬೇಡಿ. ಆ ಕ್ಷಣವೇ ಇಂಥ ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಚಂದಾ ಆ್ಯಪ್‌ಗಳು ತುರ್ತು ಸಂದರ್ಭಕ್ಕಲ್ಲ.

70 ಕೂಡ ಆಗದೇ ಹೋಗಿದ್ದರೆ? ಗುಂಪು ಥೆರಪಿ ಇದೆ, ಥೆರಪಿಸ್ಟ್‌ರ ಫೀಸು ಏಳೆಂಟು ಜನರಲ್ಲಿ ಹಂಚಿಹೋಗುತ್ತದೆ. ಇಲ್ಲವೇ ಪಾಠಗಳನ್ನು ನಾವೇ ಓದಿಕೊಂಡು, ವಾರಕ್ಕೊಮ್ಮೆ ಥೆರಪಿಸ್ಟ್‌ರಿಂದ ಚಿಕ್ಕ ಮಾರ್ಗದರ್ಶನ ಪಡೆಯುವ ಇಂಟರ್‌ನೆಟ್ ಸಿಬಿಟಿ. ಇದನ್ನು ನಾನೂ ಹಗುರವಾಗಿ ಕಂಡಿದ್ದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗೆರ್ಹಾರ್ಡ್ ಆಂಡರ್ಸನ್ ಮತ್ತು ಜೊತೆಗಾರರು 2014ರಲ್ಲಿ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾರ್ಗದರ್ಶನ ಇದ್ದ ಇಂಥ ಕಾರ್ಯಕ್ರಮಗಳು ಎದುರುಬದುರು ಕೂತು ಮಾಡುವ ಸಿಬಿಟಿಗೆ ಸರಿಸಮವಾಗಿದ್ದವು. ಸಾಲ ಮಾಡಿ, ಕ್ರೆಡಿಟ್ ಕಾರ್ಡ್ ಕಂತಿನಲ್ಲಿ ವಾರದ ಥೆರಪಿ ನಡೆಸುವುದಕ್ಕಿಂತ ಇದು ನೂರು ಪಾಲು ವಾಸಿ. ಆತಂಕಕ್ಕೆ ಮದ್ದು ಹುಡುಕಿ ಹೋಗಿ ಇಎಂಐ ಎಂಬ ಹೊಸ ಆತಂಕ ತಂದುಕೊಂಡವರನ್ನು ನೋಡಿದ್ದೇನೆ.

ಒಟ್ಟು ಲೆಕ್ಕ ಹೀಗಾಯಿತು. ಮೊದಲ ಸೆಷನ್ 75 ನಿಮಿಷದ್ದು, 150. ಆಮೇಲೆ ವಾರಕ್ಕೊಂದರಂತೆ 7, ಅದು 700. ಮರೆತದ್ದಕ್ಕೆ 100. ಎರಡು ವಾರಕ್ಕೊಮ್ಮೆ 8, ತಲಾ 70, ಅಲ್ಲಿಗೆ 560. ಕೈ ಸ್ವಲ್ಪ ಸುಧಾರಿಸಿದ ಮೇಲೆ ತಿಂಗಳಿಗೊಮ್ಮೆ 3, ಪೂರ್ತಿ ಫೀಸಿಗೆ, 300. ಕೂಡಿದರೆ 1810. ವಿಮೆಯಿಂದ ಬಂದ 420 ಕಳೆದರೆ 1390. ಕೂತದ್ದು 19 ಸೆಷನ್, ತಲಾ 73. ಆ್ಯಪ್‌ನ 1300ರ ಪಕ್ಕ ಇದನ್ನು ಬರೆದಾಗ ಹೊಟ್ಟೆ ಉರಿಯಿತು.

ಬಲಗಡೆಯ ಕಾಲಂನಲ್ಲಿ ಕೊನೆಯ ಅಂಕ 6. ಅದರ ಕೆಳಗೆ ಮುಂದಿನ ವರ್ಷಕ್ಕೆ ಒಂದು ಸಾಲು ಈಗಲೇ ಬರೆದಿಟ್ಟಿದ್ದೇನೆ: ಮೂರು ತಿಂಗಳಿಗೊಂದು ಸೆಷನ್, 4ಕ್ಕೆ 400. ಮೊದಲನೆಯದು ಬರುವ ತಿಂಗಳು. 24 ಗಂಟೆ ಮುಂಚೆ ಅಲಾರಂ ಹೊಡೆಯುವಂತೆ ಇಟ್ಟಿದ್ದೇನೆ.