ಕಾರ್ಡಿನ ಹೆಸರು ಆಡುವವರ ಬಾಯಲ್ಲಿ ನಿಲ್ಲಬೇಕಾದರೆ

ನಾನೇ ಅಚ್ಚು ಹಾಕಿಸುತ್ತಿರುವ 54 ಕಾರ್ಡಿನ ಆಟ ಇದು. ತೊಂದರೆ ಏನಂದರೆ, ಆಡುವವರು ಕಾರ್ಡಿನ ಹೆಸರನ್ನೇ ಹೇಳುತ್ತಿರಲಿಲ್ಲ. "ಆ ನೀಲಿದು ಹಾಕು" ಅನ್ನುತ್ತಿದ್ದರು, ಪ್ರತಿ ಸುತ್ತಿಗೂ ನಿಯಮದ ಚೀಟಿ ನೋಡುತ್ತಿದ್ದರು. ರಾಜ, ಮಂತ್ರಿ, ಸೇನಾಪತಿ ಅಂತ ಹೆಸರಿಟ್ಟು ನೋಡಿದೆ. ಅಕ್ಷರ ದೊಡ್ಡದು ಮಾಡಿದೆ, ಚಿತ್ರ ಬದಲಿಸಿದೆ. ಯಾವುದೂ ಆಗಲಿಲ್ಲ.

ಕೊನೆಗೆ ಹೆಸರೆಲ್ಲ ತೆಗೆದು, ಖಾಲಿ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಅದು ಮಾಡುವ ಕೆಲಸ ಮಾತ್ರ ಬರೆದೆ: ಹಂಚು, ಕಿತ್ಕೋ, ಕಾಯಿ, ಮುಚ್ಚು. ಅದರಲ್ಲೇ ಐದಾರು ಆಟ ಆಡಿಸಿದೆ. ಆಮೇಲಷ್ಟೇ ಆ ಕೆಲಸಗಳಿಗೆ ಹೊಂದುವ ವಿಷಯ ಹುಡುಕಿದೆ, ಸಿಕ್ಕಿದ್ದು ಮಳೆ ನಕ್ಷತ್ರಗಳು. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅನ್ನೋ ಗಾದೆ ಕೇಳಿದವರಿಗೆ, ರೋಹಿಣಿ ಕಾರ್ಡು ಎಲ್ಲರಿಗೂ ಒಂದೊಂದು ಜೋಳ ಹಂಚುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ಸ್ವಾತಿ ಮಳೆ ಅಂದರೆ ಮುತ್ತು, ಹಾಗಾಗಿ ಜಾಸ್ತಿ ಅಂಕ ಅದಕ್ಕೇ.

ಇನ್ನೊಂದು ವಿಷಯ. ಕಾರ್ಡುಗಳನ್ನು ಬೀಸಣಿಗೆ ಥರ ಹಿಡಿದಾಗ ಎಡ ಮೂಲೆ ಮಾತ್ರ ಕಾಣುತ್ತದೆ. ಪುನರ್ವಸು, ಪುಷ್ಯ ಎರಡೂ ಅಲ್ಲಿ ಬರೀ 'ಪು'. ಪುನರ್ವಸು ತೆಗೆದುಬಿಟ್ಟೆ. ಅಕ್ಷರವನ್ನು ಅಂಚಿನಿಂದ 5 ಮಿ.ಮೀ. ಒಳಗಿಟ್ಟು, ಒತ್ತಕ್ಷರ ಕೆಳಗಿನ ಚಿತ್ರಕ್ಕೆ ತಾಗದಂತೆ ಸಾಲಿನ ಅಂತರ 1.5 ಮಾಡಿದೆ.