ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿ: ಲೆಕ್ಕ ಹಾಕುವುದು ಹೇಗೆ?

ನಾವು ಅಲುಗಾಡದೆ ಮಲಗಿರುವಾಗಲೂ ಹೃದಯ ಬಡಿಯುತ್ತಿರುತ್ತದೆ, ಮೂತ್ರಪಿಂಡಗಳು ರಕ್ತವನ್ನು ಸೋಸುತ್ತಿರುತ್ತವೆ, ಜೀವಕೋಶಗಳು ಸೋಡಿಯಂ ಅಯಾನುಗಳನ್ನು ಹೊರದೂಡಿ ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತಿರುತ್ತವೆ. ಹೆಚ್ಚು ಮೈಮುರಿದು ದುಡಿಯದವರಲ್ಲಿ ದಿನದ ಒಟ್ಟು ಶಕ್ತಿಯ ಶೇ 60ರಿಂದ 70ರಷ್ಟು ಇಂಥ ಕೆಲಸಗಳಿಗೇ ಹೋಗುತ್ತದೆ. ಊಟ ಕಡಿಮೆ ಮಾಡಲು ಹೊರಟವರು ಮೊದಲು ಈ ಪ್ರಮಾಣವನ್ನು ತಿಳಿದಿರಬೇಕು.

ಮೊದಲಿಗೆ ತೂಕವನ್ನು ಕಿಲೋಗ್ರಾಂಗಳಲ್ಲಿ, ಎತ್ತರವನ್ನು ಸೆಂಟಿಮೀಟರ್‌ಗಳಲ್ಲಿ ಬರೆದುಕೊಳ್ಳಿ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದಂತೆ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ಬಂದ ಮೊತ್ತದಿಂದ ವಯಸ್ಸಿನ ಐದು ಪಟ್ಟನ್ನು ಕಳೆಯಿರಿ. ಕೊನೆಯಲ್ಲಿ ಪುರುಷರಾದರೆ 5 ಕೂಡಿಸಬೇಕು, ಮಹಿಳೆಯರಾದರೆ 161 ಕಳೆಯಬೇಕು. 60 ಕಿಲೋ ತೂಕ, 160 ಸೆಂಟಿಮೀಟರ್ ಎತ್ತರದ 40 ವರ್ಷದ ಮಹಿಳೆಗೆ 600 ಮತ್ತು 1000 ಸೇರಿ 1600. ಅದರಲ್ಲಿ 200 ಮತ್ತು 161 ಕಳೆದರೆ ದಿನಕ್ಕೆ 1239 ಕಿಲೋಕ್ಯಾಲರಿ.

ಇನ್ನು ಈ ಶಕ್ತಿಯನ್ನು ಯಾವ ಅಂಗ ಎಷ್ಟು ಬಳಸುತ್ತದೆ ಎಂಬುದನ್ನು ನೋಡಿ; ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಭಾಗವಿದು. ದೇಹದ ತೂಕದಲ್ಲಿ ಸುಮಾರು ಶೇ 2ರಷ್ಟಿರುವ ಮಿದುಳು ವಿಶ್ರಾಂತಿಯ ಶಕ್ತಿಯಲ್ಲಿ ಶೇ 20ರಷ್ಟನ್ನು ತಾನೇ ಬಳಸುತ್ತದೆ. ಹೃದಯ ಮತ್ತು ಮೂತ್ರಪಿಂಡಗಳಿಗೆ ಪ್ರತಿ ಕಿಲೋ ಅಂಗಾಂಶಕ್ಕೆ ದಿನಕ್ಕೆ ಸುಮಾರು 440 ಕಿಲೋಕ್ಯಾಲರಿ ಬೇಕು. ವಿಶ್ರಾಂತಿಯಲ್ಲಿರುವ ಸ್ನಾಯುವಿಗೆ 13, ಕೊಬ್ಬಿಗೆ ನಾಲ್ಕೂವರೆಯಷ್ಟು ಸಾಕು. ಹಾಗಾಗಿ ವ್ಯಾಯಾಮದಿಂದ ಎರಡು ಕಿಲೋ ಸ್ನಾಯು ಬೆಳೆಸಿಕೊಂಡರೂ ವಿಶ್ರಾಂತಿಯ ಖರ್ಚು ದಿನಕ್ಕೆ 26 ಕಿಲೋಕ್ಯಾಲರಿಯಷ್ಟೇ ಏರುತ್ತದೆ. ವ್ಯಾಯಾಮದ ಪ್ರಯೋಜನಗಳನ್ನು ಬೇರೆಡೆ ಹುಡುಕಬೇಕು, ಅವು ಧಾರಾಳವಾಗಿವೆ.

ಸೂತ್ರದ ಉತ್ತರ ಅಂದಾಜು ಮಾತ್ರ; ನಿಜವಾದ ಅಳತೆಗಿಂತ ಅದು ಶೇ 10ರಷ್ಟು ಆಚೀಚೆಯಾಗುವುದು ಅಪರೂಪವಲ್ಲ. ನಿಖರವಾಗಿ ತಿಳಿಯಬೇಕಾದವರನ್ನು ರಾತ್ರಿಯ ಉಪವಾಸದ ಬಳಿಕ ಬೆಳಿಗ್ಗೆ ಮಲಗಿಸಿ, ಅವರು ಉಸಿರಾಡುವ ಗಾಳಿಯಿಂದ ದೇಹ ಎಷ್ಟು ಆಮ್ಲಜನಕವನ್ನು ಬಳಸಿಕೊಂಡಿತು ಎಂದು ಅಳೆಯುತ್ತಾರೆ. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 4.8 ಕಿಲೋಕ್ಯಾಲರಿ ಎಂಬುದು ಇಲ್ಲಿನ ಲೆಕ್ಕ.

ಜ್ವರವಿದ್ದಾಗ ಅಥವಾ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದ್ದಾಗ ಈ ಖರ್ಚು ಏರುವುದರಿಂದ, ಅಂಥ ದಿನಗಳಲ್ಲಿ ಸೂತ್ರವನ್ನು ನೆಚ್ಚದೆ ವೈದ್ಯರನ್ನು ಕೇಳಿ. ತೂಕದಲ್ಲಿ ಗಣನೀಯ ಬದಲಾವಣೆಯಾದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಮಾಡಿಕೊಳ್ಳಿ.