ಮದರಸಾದ ಬೆನ್ನಿಗೆ ಹುಣ್ಣಿಮೆ ಚಂದ್ರ

ಬೀದರ್‌ನಲ್ಲಿ ಸ್ಟುಡಿಯೊ ನಡೆಸುವ ನನಗೆ ಫೋಟೊ ತಿದ್ದುವ ಕೆಲಸ ಹೊಸದಲ್ಲ. ಫಿಲ್ಮ್ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮದುಮಕ್ಕಳ ಮೊಡವೆ ಮುಚ್ಚಿದವನು ನಾನು. ಬಹುಶಃ ಅದೇ ಕಾರಣಕ್ಕೆ, ಊರಿನ ಛಾಯಾಚಿತ್ರ ಸ್ಪರ್ಧೆಯೊಂದರಲ್ಲಿ ತಿದ್ದಿದ ಚಿತ್ರಗಳನ್ನು ಹುಡುಕುವ ಹೊಣೆಯೂ ನನಗೇ ಬಂತು. ಬಣ್ಣ, ಬೆಳಕು ಹೊಂದಿಸಿಕೊಳ್ಳಬಹುದು, ಆದರೆ ಇಲ್ಲದ್ದನ್ನು ಸೇರಿಸುವಂತಿಲ್ಲ ಎಂಬುದು ಅಲ್ಲಿಯ ನಿಯಮ.

ಕೊನೆಯ ಸುತ್ತಿಗೆ ಬಂದ ಚಿತ್ರವೊಂದರಲ್ಲಿ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮಿನಾರಿನ ಪಕ್ಕ, ಕೆಂಪೇರಿದ ಆಕಾಶದಲ್ಲಿ, ತಾಟಿನಷ್ಟು ದೊಡ್ಡ ಹುಣ್ಣಿಮೆ ಚಂದ್ರನಿದ್ದ. ಚಿತ್ರವನ್ನು ಕನ್ನಡಿಯಂತೆ ಮಗುಚಿದ್ದಾರೆಯೇ ಎಂದು ಮೊದಲು ನೋಡಿದೆ. 1696ರ ಮದ್ದುಗುಂಡಿನ ಸ್ಫೋಟದಲ್ಲಿ ದಕ್ಷಿಣದ ಮಿನಾರು ಹೋಗಿ ಉತ್ತರದ್ದು ಮಾತ್ರ ಉಳಿದಿರುವುದರಿಂದ, ಕಟ್ಟಡದ ಎದುರು ನಿಂತವನಿಗೆ ಅದು ಬಲಕ್ಕೇ ಕಾಣಬೇಕು. ಬಲಕ್ಕೇ ಇತ್ತು.

ಸಂಶಯ ಬಂದದ್ದು ದಿಕ್ಕಿನಿಂದ. ಮದರಸಾದ ಮುಂಭಾಗ ಪೂರ್ವಕ್ಕಿದೆ. ಅದನ್ನು ತೆಗೆಯುವವನು ಪಶ್ಚಿಮಕ್ಕೆ ಮುಖ ಮಾಡಿರುತ್ತಾನೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಮೂಡುವುದು ಪೂರ್ವದಲ್ಲಿ, ಅಂದರೆ ಫೋಟೊ ತೆಗೆಯುವವನ ಬೆನ್ನ ಹಿಂದೆ. ಚಂದ್ರ ಪಶ್ಚಿಮಕ್ಕೆ ಇಳಿಯುವ ಬೆಳಗಿನ ಜಾವದಲ್ಲಿ ತೆಗೆದಿರಬಹುದೇ ಎಂದೂ ಯೋಚಿಸಿದೆ, ಏಕೆಂದರೆ ಫೈಲಿನಲ್ಲಿ ದಾಖಲಾದ ಸಂಜೆಯ ಸಮಯ ಕ್ಯಾಮೆರಾ ಗಡಿಯಾರದ ತಪ್ಪಾಗಿರಲೂ ಸಾಧ್ಯ. ಆದರೆ ಬೆಳಗ್ಗೆ ಆಗಿದ್ದರೆ ಉರಿಯುವ ಕೆಂಪು ಪೂರ್ವದಲ್ಲಿರಬೇಕಿತ್ತು. ಇಲ್ಲಿ ಅದು ಕಟ್ಟಡದ ಹಿಂದೆ, ಚಂದ್ರನ ಸುತ್ತಲೇ ಇತ್ತು.

ಬಳಿಕ ಅಳತೆಗೆ ಇಳಿದೆ. ಲೆನ್ಸಿನ ಫೋಕಲ್ ಲೆಂಗ್ತನ್ನು (ಅದು ಎಷ್ಟು ಹತ್ತಿರಕ್ಕೆ ಎಳೆದು ತೋರಿಸುತ್ತದೆಂಬ ಮಿ.ಮೀ. ಅಳತೆ) ಸುಮಾರು 110ರಿಂದ ಭಾಗಿಸಿದರೆ, ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಮೇಲೆ ಚಂದ್ರನ ಅಗಲ ಎಷ್ಟಿರುತ್ತದೆಂದು ಸಿಗುತ್ತದೆ. ಫೈಲಿನಲ್ಲಿ 24 ಮಿ.ಮೀ. ಎಂದಿತ್ತು, ಅಂದರೆ ಚಂದ್ರ 0.22 ಮಿ.ಮೀ.; 36 ಮಿ.ಮೀ. ಅಗಲದ ಸೆನ್ಸರ್‌ನಿಂದ ಬಂದ 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು 36 ಪಿಕ್ಸೆಲ್ ಮಾತ್ರ ಆಗಬೇಕು. ನಾನು ಅಳೆದಾಗ 400 ದಾಟಿತು. ಇಷ್ಟು ಸಾಲದೆಂಬಂತೆ, ಚಂದ್ರನ ಮೇಲಿನ ಕಲೆಗಳು ಸುತ್ತಲಿನ ಆಕಾಶಕ್ಕಿಂತ ಕಪ್ಪಾಗಿದ್ದವು. ಆಕಾಶದ ಬೆಳಕು ನಮಗೂ ಚಂದ್ರನಿಗೂ ನಡುವಿನ ಗಾಳಿಯಿಂದ ಬರುವುದರಿಂದ ಅವನ ಯಾವ ಭಾಗವೂ ಅದಕ್ಕಿಂತ ಕಪ್ಪಾಗಿ ಕಾಣಲಾರದು.

ತಿದ್ದಿದ್ದನ್ನು ಪತ್ತೆಹಚ್ಚುವ ಯಾವ ಸಾಫ್ಟ್‌ವೇರನ್ನೂ ನೆಚ್ಚದೆ ಇಷ್ಟೆಲ್ಲ ಮಾಡಿದ್ದಕ್ಕೆ ಹಿಂದಿನ ವರ್ಷದ ನನ್ನ ತಪ್ಪೇ ಕಾರಣ. ಕಾಲೇಜು ಹುಡುಗನೊಬ್ಬ ಬೀದರ್ ಪಕ್ಕದ ಅಷ್ಟೂರಿನ ಬಹಮನಿ ಗುಂಬಜ್‌ಗಳ ಮೇಲೆ ಹಾರುವ ಪಾರಿವಾಳಗಳ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದ. ಎರರ್ ಲೆವೆಲ್ ಅನಾಲಿಸಿಸ್ ಎಂಬ ವಿಧಾನ ಚಿತ್ರವನ್ನು ಮತ್ತೊಮ್ಮೆ ಜೆಪೆಗ್ ರೂಪದಲ್ಲಿ ಕುಗ್ಗಿಸಿ, ಎಲ್ಲೆಲ್ಲಿ ಎಷ್ಟು ವ್ಯತ್ಯಾಸವಾಯಿತೆಂದು ತೋರಿಸುತ್ತದೆ; ಆಮೇಲೆ ಸೇರಿಸಿದ ಭಾಗ ಉಳಿದದ್ದಕ್ಕಿಂತ ಹೆಚ್ಚು ಹೊಳೆಯಬಹುದು ಎಂಬುದು ಅದರ ಲೆಕ್ಕ. ಹಕ್ಕಿಗಳ ಸುತ್ತ ಬೆಳ್ಳಗೆ ಹೊಳೆದದ್ದನ್ನು ನೋಡಿ ನಾನು ಅಂಟಿಸಿದ್ದೆಂದು ತೀರ್ಮಾನಿಸಿಬಿಟ್ಟೆ. ತಿಳಿ ಆಕಾಶದ ಎದುರು ಕಪ್ಪು ಅಂಚಿದ್ದರೆ ಏನೂ ತಿದ್ದದಿದ್ದರೂ ಹೀಗೆ ಹೊಳೆಯುತ್ತದೆ, ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿದಾಗ ಫೋಟೊ ತೆಗೆದ ವಿವರಗಳೂ ಅಳಿಸಿಹೋಗುತ್ತವೆ ಎಂಬುದನ್ನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ಎಡಿಟ್ ಮಾಡಿಲ್ರಿ ಸರ್, ಕಾರ್ಡ್ ತಂದೀನಿ ನೋಡ್ರಿ” ಎಂದು ಹುಡುಗ ಸ್ಟುಡಿಯೊಗೇ ಬಂದ. ಕ್ಯಾಮೆರಾದ ಆ ಮೆಮೊರಿ ಕಾರ್ಡಿನಲ್ಲಿ ರಾ ಫೈಲ್, ಅಂದರೆ ಸೆನ್ಸರ್ ಹಿಡಿದ ಮೂಲ ದಾಖಲೆ, ಇತ್ತು; ಅದಕ್ಕಿಂತ ಮುಖ್ಯವಾಗಿ, ಅದರ ಹಿಂದಿನ ಮೂರು, ಮುಂದಿನ ಎರಡು ಫ್ರೇಮ್‌ಗಳಿದ್ದವು. ಒಂದೊಂದನ್ನೇ ಸರಿಸಿ ನೋಡಿದಾಗ, ಮೊದಲ ಫ್ರೇಮಿನಲ್ಲಿ ಗುಂಬಜದ ಅಂಚಿನಲ್ಲಿ ಸಾಲಾಗಿ ಕೂತಿದ್ದ ಪಾರಿವಾಳಗಳು ಎರಡನೆಯದರಲ್ಲಿ ರೆಕ್ಕೆ ಬಿಚ್ಚಿದ್ದವು, ಕೊನೆಯದರಲ್ಲಿ ಅರ್ಧ ಗುಂಪು ಚೌಕಟ್ಟಿನಾಚೆ ಹೋಗಿತ್ತು. ಅಷ್ಟರಲ್ಲಿ ಬಹುಮಾನದ ಪಟ್ಟಿ ಹೊರಬಿದ್ದಾಗಿತ್ತು. ನಾನು ಕ್ಷಮೆ ಕೇಳಿದೆ, ಅವನು ಚಹಾ ಕೂಡ ಕುಡಿಯದೆ ಹೋದ.

ಅಂದಿನಿಂದ ಸಂಶಯ ಬಂದರೆ ಚಿತ್ರ ಕಳುಹಿಸಿದವರನ್ನು ಮೂಲ ಫೈಲಿನ ಜೊತೆಗೆ ಅದರ ಹಿಂದಿನ, ಮುಂದಿನ ಫ್ರೇಮ್‌ಗಳನ್ನೂ ಕೇಳುತ್ತೇನೆ. ಒಂದು ಚಿತ್ರವನ್ನು ತಿದ್ದುವವರು ಅದರ ಅಕ್ಕಪಕ್ಕದ ಐದನ್ನು ತಿದ್ದುವ ಗೋಜಿಗೆ ಹೋಗುವುದು ಅಪರೂಪ. ಚಂದ್ರನ ಚಿತ್ರ ಕಳುಹಿಸಿದವರನ್ನೂ ಕೇಳಿದೆ. ಕಾರ್ಡ್ ಫಾರ್ಮ್ಯಾಟ್ ಆಗಿಬಿಟ್ಟಿದೆ ಎಂದರು.